ಹಿತ್ತಲ ಬೆಳಕಿನ ಮಲಂಗಸಾಬ

ಮಲಂಗಸಾಬನನ್ನು ನಾನು ಮೊದಲು ಅಂದಾಜು ಮಾಡಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಆತ ಬೆಟಗೇರಿಯಿಂದ ಗದಗಿನ ಪೇಟೆಗೆ ನಡೆದು ಬಂದರೆ ಬೀದಿಯ ತಿರುವಿನಲ್ಲೇ ಖಣಖಣ ಸದ್ದು ಕೇಳುತ್ತಿತ್ತು. ಅದು ಅವನ ಕೋಟಿನ ಸದ್ದು. ರೈಲ್ವೆಯವರಾರೋ ತೊಟ್ಟು ಬಿಟ್ಟ ಕಪ್ಪು ಕೋಟು, ವೈಶಾಖದ ಬಿಸಿಲಿನಲ್ಲೂ ಮೈಯಿಂದ ಇಳಿಯದ್ದು. ಅದರ ಜೇಬುಗಳಲ್ಲಿ ಶೀಸೆಯ ಮುಚ್ಚಳ, ಸೈಕಲ್ಲಿನ ಕಡ್ಡಿ, ಒಡೆದ ಕನ್ನಡಿಯ ಚೂರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಮಾಲು ಕಡಿಮೆ, ಕಟ್ಟು ದೊಡ್ಡದು: ಒಳಗಿನ ಮನುಷ್ಯ ಜೋಳದ ದಂಟಿನಷ್ಟು, ಹೊರಗಿನ ಕೋಟು ಹತ್ತಿಯ ಅಂಡಿಗೆಯಷ್ಟು. ಹೆಜ್ಜೆ ಮುಂದಕ್ಕೆ ಹೋಗುತ್ತಿದ್ದರೂ ನೋಟ ಮಾತ್ರ ಪಕ್ಕದ ತಿಪ್ಪೆಯಲ್ಲಿ. ಇಂಥ ಗಿರಾಕಿಯಿಂದ ಗಲ್ಲಾಪೆಟ್ಟಿಗೆ ತುಂಬುವುದಿಲ್ಲವೆಂದು ಆ ದಿನವೇ ನಿಕ್ಕಿ ಮಾಡಿದೆ. ಆ ಅಂದಾಜು ಇವತ್ತಿಗೂ ತಪ್ಪಾಗಿಲ್ಲ.

ನನ್ನದು ಕಂದೀಲು, ಚಿಮಣಿ ಗಾಜು, ಬಾಡಿಗೆ ಪೆಟ್ರೋಮ್ಯಾಕ್ಸುಗಳ ಅಂಗಡಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಕರೆಂಟು ಬೆಟಗೇರಿಯ ಓಣಿಗಳಿಗೆ ಬಂದಿತ್ತು ನಿಜ; ಆದರೆ ಬೀದಿಯ ಕಂಬದ ಬಳಿಯೇ ನಿಂತು ದಣಿವಾರಿಸಿಕೊಳ್ಳುತ್ತಿತ್ತು, ಮನೆ ದಾಟಿ ಹಿತ್ತಲಿಗೆ ಹೋಗುವ ಉಮೇದು ಅದಕ್ಕಿರಲಿಲ್ಲ. ಹೀಗಾಗಿ ಮುಂಡರಗಿಯಿಂದ ಶಿರಹಟ್ಟಿಯವರೆಗೆ ಕತ್ತಲಾದ ಹಿತ್ತಲುಗಳೆಲ್ಲ ನನ್ನ ಪಾಲಿನ ಹೊಲಗಳೇ. ಆ ಹೊಲಕ್ಕೆ ನುಗ್ಗಿದ ದನ ಈ ಮಲಂಗಸಾಬ. ಅಂಗಡಿಗೆ ಬಂದು ಹೊಸ ಕಂದೀಲುಗಳನ್ನು ಒಂದೊಂದಾಗಿ ಮುಟ್ಟಿ, ಮೆಚ್ಚಿ, ಕೊನೆಗೆ ಸೀಳು ಬಿಟ್ಟ ಗಾಜೊಂದಿದ್ದರೆ ಕೊಡಿರೆಂದು ಕೇಳುತ್ತಿದ್ದ. ಬಿಸಾಡಿದ ಯಾವ ವಸ್ತುವನ್ನು ಕಂಡರೂ ಅವನದು ಒಂದೇ ಮಾತು: “ಇದು ಇನ್ನೂ ಸತ್ತಿಲ್ಲರಿ ಸಾವಕಾರ್ರ.” ನಾಡಿ ಹಿಡಿದ ಹಕೀಮನ ಗಾಂಭೀರ್ಯ ಅದರಲ್ಲಿರುತ್ತಿತ್ತು.

ಕಸುಬಿನಿಂದ ಆತ ನೇಕಾರ. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುವವನು. ಸಂಜೆಯಾದರೆ ಡಬ್ಬಿಗಳ ಮುಂದೆ ಕೂರುತ್ತಿದ್ದ. ಖಾಲಿ ಡಾಲ್ಡಾ ಡಬ್ಬಿಯಲ್ಲಿ ಹಳ್ಳದ ಹಸಿ ಉಸುಕನ್ನು ಗಟ್ಟಿಯಾಗಿ ತುಂಬಿ, ಡಬ್ಬಿ ನಗ್ಗದಂತೆ ಮೊಳೆಯಿಂದ ತೂತು ಹೊಡೆಯುವುದು. ಆಮೇಲೆ ಉಸುಕು ಸುರುವಿ, ಔಷಧಿ ಶೀಸೆಯ ಮುಚ್ಚಳಕ್ಕೆ ಬತ್ತಿ ತೂರಿಸಿ, ಆ ಪುಟ್ಟ ಬುಡ್ಡಿಯನ್ನು ಒಳಗಿಡುವುದು. ಇಷ್ಟೇ ಆಗಿದ್ದರೆ ಯಾರಾದರೂ ಮಾಡಿಯಾರು. ಆದರೆ ಅವನ ಮೊಳೆ ಸುಮ್ಮನೆ ತೂತು ಹೊಡೆಯುತ್ತಿರಲಿಲ್ಲ. ಸೀರೆಯ ದಡಿಯಲ್ಲಿ ತಾನು ನೇಯುವ ಗೋಮಿ ಪಟ್ಟಿ, ನಕ್ಷತ್ರದಂಥ ಚಿಕ್ಕಿಗಳನ್ನೇ ತಗಡಿನ ಮೇಲೆ ಬಿಡಿಸುತ್ತಿತ್ತು. ದೀಪ ಹಚ್ಚಿದರೆ ಹಿತ್ತಲಿನ ನೆಲ ಚಿಕ್ಕಿಯ ಸೀರೆಯುಟ್ಟು ಕೂತಂತೆ ಕಾಣುತ್ತಿತ್ತು. ಗುಜರಿ ಸೈಕಲ್ಲಿನ ರಿಮ್ಮನ್ನು ಬೇವಿನ ಗಿಡಕ್ಕೆ ತೂಗುಹಾಕಿ, ಸುತ್ತಲೂ ಜಾಮಿನ ಬಾಟಲಿಗಳನ್ನು ಇಳಿಬಿಟ್ಟು, ನವಾಬರ ಮನೆಯಂಥ ತೂಗುದೀಪದ ಝುಂಬರವನ್ನೂ ಆತ ಮಾಡಿಕೊಂಡಿದ್ದ.

ಅವನ ಹೆಂಡತಿ ದಾವಲಬಿಗೆ ಈ ವೈಭವದ ಸುಖ ಅಷ್ಟಕ್ಕಷ್ಟೆ. ತನ್ನ ಮನೆಯಲ್ಲಿ ಡಬ್ಬಿಯೂ ಅದರ ಮುಚ್ಚಳವೂ ಒಂದೇ ಕಡೆ ಸಿಕ್ಕ ದಿನವಿಲ್ಲವೆಂದು ಆಕೆ ಕಂಡವರ ಮುಂದೆಲ್ಲ ಹೇಳುತ್ತಿದ್ದಳು. ಒಮ್ಮೆ ಜರಡಿಯೇ ಕಾಣೆಯಾಯಿತು. ನೋಡಿದರೆ ಅದು ಬೇವಿನ ಗಿಡದ ಮೇಲೆ ದೀಪದ ಟೊಪ್ಪಿಗೆಯಾಗಿ ಕೂತಿದೆ. “ನಮ್ಮನ್ಯಾಗ ಹಿಟ್ಟ ಸಾಣಸಬೇಕಂದ್ರ ಮದ್ಲ ಗಿಡ ಹತ್ತಬೇಕ್ರಿ” ಎಂದು ಆಕೆ ನನ್ನೆದುರಿಗೇ ಅಂದಳು. ಮಲಂಗಸಾಬ ಬಿರುದು ಸಿಕ್ಕವನಂತೆ ನಕ್ಕ.

ಇಂಥವನ ಮಗಳು ಅಲ್ಮಾಸಬಿಗೆ ಲಕ್ಷ್ಮೇಶ್ವರದ ಸಂಬಂಧ ಕೂಡಿಬಂತು. ವರನ ಕಾಕಾ ನಿಜಾಮುದ್ದೀನ ಹತ್ತಿ ಪೇಟೆಯ ದಲಾಲ. ಬೆರಳಲ್ಲಿ ಅರಳೆ ಹಿಂಜಿ ಗುಣ ಹೇಳುವವನು, ಮನುಷ್ಯರನ್ನೂ ಹಾಗೆಯೇ ಹಿಂಜುವವನು. ಹಿತ್ತಲಲ್ಲಿ ಸಂಜೆಯೂಟವೆಂದು ಗೊತ್ತಾದಾಗ, ತಮ್ಮ ಮಂದಿ ಕತ್ತಲಲ್ಲಿ ತಡಕಾಡಿ ಉಣ್ಣುವವರಲ್ಲ, ಪೆಟ್ರೋಮ್ಯಾಕ್ಸು ಇರಲೇಬೇಕೆಂದು ಹೇಳಿಕಳಿಸಿದ. ಬೆಳಕಿನ ಹೊಣೆ ತನ್ನದೆಂದು ಮಲಂಗಸಾಬ ಮರುಖಬರ ಕೊಟ್ಟ. ಡಬ್ಬಿ ದೀಪವೆಂದು ಮಾತ್ರ ಹೇಳಲಿಲ್ಲ. ಮಗಳಿಗೆ ಅರ್ಥವಾಯಿತು. ಓಣಿಯವರು ಇಟ್ಟ ಡಬ್ಬಿಸಾಬನ ಮಗಳೆಂಬ ಹೆಸರು ಹೊತ್ತು ಅತ್ತೆಯ ಮನೆ ಸೇರುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. “ಅಬ್ಬಾ, ಮದಿವಿ ನಿಮಗ ಒಂದಿನದ್ದು. ಹೆಸರು ನನಗ ಜಲ್ಮಪೂರ್ತಿ” ಎಂದು ತಂದೆಗೆ ಅಂದಳಂತೆ. ಆತ ಇನ್ನೊಂದು ಡಬ್ಬಿಗೆ ಉಸುಕು ತುಂಬಿದನಂತೆ. ಇದನ್ನು ನನಗೆ ಹೇಳುವಾಗ ದಾವಲಬಿ ನಗಲಿಲ್ಲ.

ಮದುವೆಗೆ ನನ್ನನ್ನೂ ನನ್ನ ಹೆಂಡತಿ ಕಳಕವ್ವನನ್ನೂ ಕರೆದಿದ್ದರು. ಉಡುಗೊರೆ ಮುಂಬಾಗಿಲಿನಿಂದ ಹೋಗಲಿ, ವ್ಯಾಪಾರ ಹಿಂಬಾಗಿಲಲ್ಲಿ ಕಾಯಲಿ ಎಂದು ಪೆಟ್ರೋಮ್ಯಾಕ್ಸುಗಳನ್ನು ಕೈಗಾಡಿಯಲ್ಲಿ ಹೇರಿಸಿ ಹಿತ್ತಲ ಗೋಡೆಯಾಚೆ ನಿಲ್ಲಿಸಿದೆ.

ಸೂರ್ಯ ಮುಳುಗಿದ ಮೇಲಿನ ಮಗರಿಬ್ ನಮಾಜು ಮುಗಿದು ದೀಪ ಹಚ್ಚಿದಾಗ, ದ್ವೇಷಕ್ಕಾದರೂ ಸುಳ್ಳು ಹೇಳಲಾರೆ, ಹಿತ್ತಲು ಝಗ್ಗೆಂದಿತು. ಗೋಡೆಯ ಮೇಲೆ ಗೋಮಿ, ಉಣ್ಣುವವರ ಟೊಪ್ಪಿಗೆಗಳ ಮೇಲೆ ಚಿಕ್ಕಿ. ಪಂಕ್ತಿಗೆ ಬಡಿಸಿದ್ದೂ ಆಯಿತು. ಆಗ ಮೂಲೆಯ ದೀಪವೊಂದು ಕಣ್ಣು ಮುಚ್ಚಿತು. ಅದರ ಪಕ್ಕದ್ದು ತೂಕಡಿಸಿತು. ನೋಡನೋಡುತ್ತ ಚಿಕ್ಕಿಗಳೆಲ್ಲ ಮಂಕಾಗಿ, ತುತ್ತೆತ್ತಿದ ಕೈಗಳು ಬಾಯಿ ಹುಡುಕುವಂತಾಯಿತು. ಒಳಗೆ ಪರದೆಯ ಹಿಂದೆ ಅಲ್ಮಾಸಬಿಯ ಬಳೆಗಳ ಸದ್ದು ನಿಂತಿತು.

“ಯಾಕ ಮಲಂಗಸಾಬ, ನಿನ್ನ ದೀಪ ಉಪಾಸ ಇದ್ದಾವೇನ?” ಎಂದ ನಿಜಾಮುದ್ದೀನ. ಪಂಕ್ತಿ ನಕ್ಕಿತು. ನಾನು ಗಾಡಿ ನಿಂತಿದ್ದ ಗೋಡೆಯ ಕಡೆಗೆ ಎದ್ದೆ.

ಮಲಂಗಸಾಬ ಆರಿದ ಬುಡ್ಡಿಯೊಂದರ ಬತ್ತಿಯನ್ನು ಹಿರಿದು, ಬೆರಳಲ್ಲಿ ಹೊಸೆದು ನೋಡಿ, ಇದ್ದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಅತ್ತನೆಂದು ತಿಳಿದೆ, ಕೋಟು ಕುಲುಕುತ್ತಿತ್ತು. ನಗುತ್ತಿದ್ದ.

“ಉಪಾಸ ಅಲ್ಲರಿ ಬೀಗರ, ಹೊಟ್ಟಿ ತುಂಬೇತಿ. ಹಾಸಿನ ನೂಲಿಗೆ ನಾನ ಗಂಜಿ ಕುಡಿಸೇನಿ. ಗಂಜಿ ಕುಡದ ಬತ್ತಿ ಎಣ್ಣಿ ಯಾಕ ಕುಡೀತೈತಿ?”

ನೇಕಾರನಲ್ಲದವನು ಮಾಡಲಾರದ ತಪ್ಪು ಅದು. ಮಗ್ಗದ ಉದ್ದಕ್ಕೆ ಹಾಸುವ ನೂಲು ಗಟ್ಟಿಯಾಗಲೆಂದು ಅದಕ್ಕೆ ಗಂಜಿ ಕಾಣಿಸುತ್ತಾರೆ; ಅಡ್ಡ ಹೊಗಿಸುವ ಹೊಕ್ಕಿನ ನೂಲು ಬರಿದಾಗಿರುತ್ತದೆ. ಮೊದಲು ಹಚ್ಚಿ ನೋಡಿದ ದೀಪಗಳಿಗೆ ಹೊಕ್ಕಿನ ನೂಲು ಹಾಕಿದ್ದವನು, ಮದುವೆಯ ರಾಶಿ ಬತ್ತಿಗೆ ಹಾಸಿನ ತುದಿಯಲ್ಲಿ ಉಳಿದ ನೂಲು ಕೆಡಬಾರದೆಂದು ಅದನ್ನೇ ಹೊಸೆದಿದ್ದ. ಯಾವುದನ್ನೂ ಕೆಡಿಸದವನನ್ನು ಅವನ ಜಿಪುಣತನವೇ ಕೆಡಿಸಿತ್ತು.

ದಾವಲಬಿ ಬೈಯುತ್ತ ಕೂರಲಿಲ್ಲ. ಮಗ್ಗದ ಬದಿಯಿಂದ ಹೊಕ್ಕಿನ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯನ್ನೇ ಎಳೆದು ತಂದು ಹಿತ್ತಲ ನಡುವೆ ಸುರುವಿದಳು. ಓಣಿಯ ಹೆಂಗಸರು ತಮ್ಮ ಮನೆಗಳಿಂದಲೂ ತಂದರು. ಉಳಿದ ಮಿಣುಕು ಬೆಳಕಿನಲ್ಲಿ ಎಲ್ಲರೂ ಬತ್ತಿ ಹೊಸೆಯತೊಡಗಿದರು. ಕಳಕವ್ವ ಕೂತಳು, ಸುಮ್ಮನೆ ನೋಡಲಾರದೆ ಬೀಗಿತಿಯರೂ ಕೂತರು. ವರನ ತಮ್ಮನೊಬ್ಬ ನೂಲನ್ನು ಗಂಟುಗಂಟಾಗಿ ತಿರುವುತ್ತಿದ್ದ. ಹತ್ತಿಯ ಮೇಲಿನ ಈ ಅನ್ಯಾಯವನ್ನು ನಿಜಾಮುದ್ದೀನನ ಬೆರಳುಗಳು ಸಹಿಸಲಿಲ್ಲ. ಕೈ ತೊಳೆದು ಬಂದು, “ಸರಿಯಲೇ, ಕೊಡಿಲ್ಲೆ” ಎಂದು ಕಿತ್ತುಕೊಂಡು ಪದ್ಮಾಸನ ಹಾಕಿದ. ಆಮೇಲೆ ಅವನನ್ನು ಎಬ್ಬಿಸಲು ಆಗಲಿಲ್ಲ.

ದೀಪಗಳು ಮತ್ತೆ ಹೊತ್ತಿದವು. ಕೆಂಪು, ನೀಲಿ, ಹಸಿರು ಬತ್ತಿಗಳು. ಇದು ತನ್ನದು, ಅದು ತನ್ನದು ಎಂದು ಬೀಗರು ಊಟಕ್ಕಿಂತ ಹೆಚ್ಚಾಗಿ ಅವನ್ನೇ ತೋರಿಸಿಕೊಂಡರು. ಹೊರಡುವಾಗ ನಿಜಾಮುದ್ದೀನ ತಾನು ಹೊಸೆದ ಬತ್ತಿಯ ಡಬ್ಬಿಯನ್ನು ಗಿಡದಿಂದ ಇಳಿಸಿ ಸೊಸೆಯ ಕೈಗೆ ಕೊಟ್ಟ. “ಹಿಡಿಯವಾ, ಹಿತ್ತಲದಾಗ ಹಾಕೂಣು.” ಪರದೆ ತುಸು ಸರಿಸಿ ಅಲ್ಮಾಸಬಿ ತಂದೆಯ ಕಡೆ ನೋಡಿ ನಕ್ಕದ್ದನ್ನು ನಾನು ಕಂಡೆ. ಲಕ್ಷ್ಮೇಶ್ವರದಲ್ಲಿ ಅವಳನ್ನು ಡಬ್ಬಿಸಾಬನ ಮಗಳೆಂದೇ ಕರೆಯುತ್ತಾರೆ. ಕರೆಯುವವರ ಕೈಯಲ್ಲಿ ಸಾಮಾನ್ಯವಾಗಿ ದೀಪ ಮಾಡಿಸಲೆಂದು ತಂದ ಒಂದು ಖಾಲಿ ಡಬ್ಬಿ ಇರುತ್ತದೆ.

ನನ್ನ ಪೆಟ್ರೋಮ್ಯಾಕ್ಸುಗಳು ಹತ್ತದೆಯೇ ಹಿಂದಿರುಗಿದವು. ಓಣಿ ಕತ್ತಲಾಗಿದ್ದರಿಂದ ಕಳಕವ್ವ ಮಲಂಗಸಾಬನಿಂದ ಒಂದು ಡಬ್ಬಿ ಕೇಳಿ ಪಡೆದು, ದಾರಿ ತೋರುತ್ತ ಗಾಡಿಯ ಮುಂದೆ ನಡೆದಳು.

ಇಂಥವರು ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರೆ. ಪೇಟೆಗೆ ಅವರಿಂದ ನಯಾಪೈಸೆಯ ಪ್ರಯೋಜನವಿಲ್ಲ. ಆದರೆ ತಮ್ಮ ತಪ್ಪಿಗೆ ತಾವೇ ಮೊದಲು ನಕ್ಕು, ನೆರೆದವರನ್ನೆಲ್ಲ ಅದರ ರಿಪೇರಿಗೆ ಕೂರಿಸಿಕೊಳ್ಳುವ ಅವರ ವಿದ್ಯೆ ಯಾವ ಪೇಟೆಯಲ್ಲೂ ಸಿಗುವುದಿಲ್ಲ. ನಾನು ಊರೂರಿಗೆ ಬೆಳಕು ಮಾರಿದವನು. ನನ್ನ ಹೆಂಡತಿ ಸಂಜೆ ಪಾತ್ರೆ ತಿಕ್ಕುವ ಹಿತ್ತಲಿನ ಕಲ್ಲಿಗೆ ಬೆಳಕು ಬಂದದ್ದು ಮಲಂಗಸಾಬನಿಂದ.