ಲಿಫ್ಟ್ ಮೇಸ್ತ್ರಿಯ ಸ್ಕ್ಯಾನಿಂಗ್

ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಇಪ್ಪತ್ತೈದು ವರ್ಷದಿಂದ ಹೊರಗೆಳೆಯುತ್ತ ಬಂದ ಮನುಷ್ಯ ಒಂದು ಮಷಿನ್ನಿಗೆ ಹೆದರಿ ಕಂಬಿ ಕಿತ್ತ ಎಂದರೆ ಯಾರಾದರೂ ನಂಬುತ್ತಾರೆಯೇ? ನಡೆದದ್ದು ಮಾತ್ರ ಅದೇ. ಹೋದ ವಾರ ಸ್ಕ್ಯಾನಿಂಗ್ ಕೋಣೆಯಲ್ಲಿ ಮಂಚ ಆ ಮಷಿನ್ನಿನ ಕೊಳವೆಯೊಳಕ್ಕೆ ಜಾರಿತೋ ಇಲ್ಲವೋ, ಲಿಫ್ಟ್ ಮೇಸ್ತ್ರಿ "ಒಂದ್ನಿಮಿಷ, ಬಾತ್‌ರೂಮು" ಎಂದು ಎದ್ದವನು ಆಸ್ಪತ್ರೆಯ ಅಂಗಿಯಲ್ಲೇ ಬೀದಿಗೆ ಬಂದುಬಿಟ್ಟಿದ್ದ. ಪಾಪ, ಹೆಂಡತಿ ಅವನ ಪ್ಯಾಂಟು ಹಿಡಿದುಕೊಂಡು ಹಿಂದೆ ಓಡಿಬಂದಿದ್ದಳು.

ಹೆದರಿಕೆಯೇನೋ ಸರಿ, ಕೈ ಕೇಳಬೇಕಲ್ಲ! ಬಲಗೈ ಬೆರಳು ಜೋಮು ಹಿಡಿಯಲು ಶುರುವಾಗಿ ತಿಂಗಳಾಗಿತ್ತು. ಒಂದು ದಿನ ಏಳನೇ ಮಹಡಿಯಲ್ಲಿ ಕೈಯಿಂದ ಸ್ಪ್ಯಾನರ್ ಜಾರಿ, ಕೆಳಗಿದ್ದ ಜೊತೆಗಾರ ಕೂದಲೆಳೆಯಲ್ಲಿ ಪಾರಾಗಿದ್ದ. "ಕುತ್ತಿಗೆಯಲ್ಲಿ ನರ ಎಲ್ಲಿ ಒತ್ತಿದೆ ಅಂತ ನೋಡದೆ ನಾನು ಮುಂದುವರಿಯಲ್ಲ. ತಡ ಮಾಡಿದ್ರೆ ಕೈ ಹೋಗತ್ತೆ" ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಕೈ ಹೋದರೆ ಮೇಸ್ತ್ರಿಗೆ ಉಳಿಯುವುದು ಬರೀ ಬಾಯಿ. ಅದಕ್ಕೇನೂ ಕೊರತೆ ಇರಲಿಲ್ಲ.

ಹಾಗಾಗಿ ಮತ್ತೆ ಬಂದಿದ್ದ. ಈ ಸಲ ಸ್ಕ್ಯಾನಿಂಗ್ ಮಾಡುವ ಹೆಣ್ಣುಮಗಳು "ಹೆದರ್ಬೇಡಿ ಅಣ್ಣ, ಏನೂ ಆಗಲ್ಲ" ಅಂದದ್ದೇ ತಡ, ಅವನಿಗೆ ರೇಗಿತು.

"ನೋಡಮ್ಮ, ಸಿಕ್ಕಾಕ್ಕೊಂಡವರಿಗೆ ಆ ಮಾತೊಂದು ಹೇಳ್ಬಾರ್ದು. ಇನ್ನೂ ಹೆದರ್ತಾರೆ. ನಾನು ಬಾಗಿಲ ಆಚೆ ನಿಂತು ಏನ್ ಹೇಳ್ತೀನಿ ಗೊತ್ತಾ? ನೀವೀಗ ಎರಡನೇ ಮಹಡಿಗೂ ಮೂರನೇದಕ್ಕೂ ನಡುವೆ ಇದೀರಿ. ಈಗ ಟಣ್ ಅಂತ ಸದ್ದಾಗತ್ತೆ, ಮಾಡ್ತಿರೋದು ನಾನೇ. ಇನ್ನು ಹನ್ನೆರಡು ನಿಮಿಷ. ಇಷ್ಟೇ ಹೇಳೋದು, ಸುಳ್ಳುಪಳ್ಳು ಏನಿಲ್ಲ."

ಅವಳು ಕೈಕಟ್ಟಿ ನಿಂತು ಕೇಳಿದಳು. "ಆಯ್ತು, ಹಾಗೇ ಹೇಳ್ತೀನಿ. ಆರು ಸಲ ಚಿತ್ರ ತೆಗೀತೀನಿ, ಒಟ್ಟು ಇಪ್ಪತ್ತೆರಡು ನಿಮಿಷ. ಈ ರಬ್ಬರ್ ಚೆಂಡು ಹಿಸುಕಿದ್ರೆ ತಕ್ಷಣ ಮಾತಾಡ್ತೀನಿ."

ಮಂಚ ಒಳಗೆ ಜಾರಿತು. ಮೂಗಿಗೂ ಮೇಲಿನ ಗೋಡೆಗೂ ಒಂದು ಗೇಣೂ ಇಲ್ಲ. ಕಿವಿಯಲ್ಲಿ ಅವಳ ದನಿ: "ಮೊದಲನೇದು. ಸುತ್ತಿಗೇಲಿ ಹೊಡೆದ ಹಾಗೆ ಸದ್ದು. ಮೂರು ನಿಮಿಷ." ಸದ್ದು ಸರಿಯಾಗಿ ಮೂರು ನಿಮಿಷಕ್ಕೆ ನಿಂತಿತು. ಭಲೇ! "ಎರಡನೇದು. ಡ್ರಿಲ್ ಕೊರೆದ ಹಾಗೆ. ನಾಲ್ಕು ನಿಮಿಷ." ಅದೂ ತಪ್ಪಲಿಲ್ಲ. ಭಯ ಹೋಗಿರಲಿಲ್ಲ, ಆದರೆ ಉಸಿರು ಒಂದು ಹದಕ್ಕೆ ಬಂದಿತ್ತು.

ನಾಲ್ಕನೆಯದು ಮುಗಿದ ಮೇಲೆ ದನಿಯೇ ಇಲ್ಲ. ಕಾದ. ಊಹೂಂ. ಲಿಫ್ಟಿನ ಗಂಟೆಯನ್ನು ಎರಡು ಸಲ ಒತ್ತಿದವರಿಗೆ "ನಾನೇನು ಕಿವುಡನಾ?" ಎಂದು ಗದರುತ್ತಿದ್ದ ಮಹಾರಾಯ, ಚೆಂಡನ್ನು ಮೂರು ಸಲ ಹಿಸುಕಿದ.

"ಹೇಳಿ ಅಣ್ಣ."

"ಏನಿಲ್ಲಮ್ಮ. ಇದೀಯಾ ಅಂತ ನೋಡ್ದೆ."

"ಇದೀನಿ. ಚಿತ್ರ ನೋಡ್ತಿದ್ದೆ. ನಿಜ ಹೇಳ್ಲಾ? ನಡುವೆ ನೀವು ಉಗುಳು ನುಂಗಿದ್ರಿ, ನಾಲ್ಕನೇದು ಮಸುಕಾಗಿದೆ. ಮತ್ತೆ ತೆಗೆಯೋಕೆ ಐದು ನಿಮಿಷ ಜಾಸ್ತಿ ಬೇಕು. ಬೇಡ ಅಂದ್ರೆ ಬಿಡ್ತೀನಿ. ಆದ್ರೆ ಬಲಗೈಗೆ ಹೋಗೋ ನರ ಚೆನ್ನಾಗಿ ಕಾಣೋದು ಅದ್ರಲ್ಲೇ."

ಬೇಡ ಎನ್ನಲು ಬಾಯಿ ತೆರೆದಿತ್ತು. ಯಾರೂ ಬೈಯುತ್ತಿರಲಿಲ್ಲ, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಮೇಸ್ತ್ರಿ ಚೆಂಡನ್ನು ಬಿಗಿಯಾಗಿ ಹಿಡಿಯಲು ನೋಡಿದ. ಬಲಗೈಯ ಎರಡು ಬೆರಳು ಮಾತು ಕೇಳಲಿಲ್ಲ.

"ತೆಗಿಯಮ್ಮ," ಎಂದ. "ಅರ್ಧಂಬರ್ಧ ಕೆಲಸ ಮಾಡಿ ಎದ್ದು ಬರೋನಲ್ಲ ನಾನು."

ಹೋದ ವಾರ ಏನು ಮಾಡಿದ್ರಿ ಎಂದು ಅವಳು ಕೇಳಲಿಲ್ಲ, ಅವಳ ದೊಡ್ಡತನ. ಅವನು ಕಣ್ಣು ಮುಚ್ಚಿ, ಉಗುಳು ಕೂಡ ನುಂಗದೆ, ಕೊರಡಿನ ಹಾಗೆ ಮಲಗಿದ.

ಸಂಜೆ ಡಾಕ್ಟರು ಆ ಚಿತ್ರದ ಮೇಲೆಯೇ ಬೆರಳಿಟ್ಟರು. "ಇಲ್ನೋಡಿ, ಇಲ್ಲೇ ಒತ್ತಿರೋದು. ಬೇರೆ ಯಾವುದ್ರಲ್ಲೂ ಇಷ್ಟು ಸ್ಪಷ್ಟವಾಗಿಲ್ಲ. ಕೈ ಉಳಿಯತ್ತೆ. ಆದ್ರೆ ಒಂದು ಆಪರೇಷನ್ ಮಾಡ್ಬೇಕು."

ಹೆಂಡತಿ ಥಟ್ಟನೆ ಗಂಡನ ತೋಳು ಹಿಡಿದುಕೊಂಡಳು. ಎಲ್ಲಿ ಎದ್ದು ಓಡುತ್ತಾನೋ ಎಂದು ಅವಳಿಗೆ ದಿಗಿಲು.

"ಬಿಡೇ, ಎಲ್ಲೂ ಹೋಗಲ್ಲ," ಎಂದು ಅವನು ಡಾಕ್ಟರ ಕಡೆ ತಿರುಗಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮುಂದೆ ಒಮ್ಮೆಯೂ ಆಡದ ಮಾತನ್ನು ಆಗ ಆಡಿದ. "ನಂಗೆ ತುಂಬ ಹೆದರಿಕೆ ಡಾಕ್ಟ್ರೇ. ಯಾವತ್ತು ಬರ್ಲಿ, ಹೇಳಿ."