ಇಬ್ಬರು ಗುಡುಗಪ್ಪಂದಿರು

ಒಂದು ಗಾದೆಯಿಂದ ಶುರುಮಾಡಬೇಕೆಂದಿದ್ದೆ. ಆದರೆ ನನ್ನ ಬಾಯಿಗೆ ಸಿಕ್ಕ ಗಾದೆ ಯಾವುದೂ ಸಾಬೂತಾಗಿ ಹೊರಬಂದದ್ದಿಲ್ಲ. ತಲೆ ಉಳಿದರೆ ಬಾಲ ಉಳಿಯುವುದಿಲ್ಲ. ಆದ್ದರಿಂದ ಗಾದೆಗಳನ್ನು ಅವುಗಳ ಪಾಡಿಗೆ ಬಿಟ್ಟು ನೇರವಾಗಿ ಕತೆಗೆ ಬರುತ್ತೇನೆ. ನಡೆದದ್ದನ್ನೇ ಹೇಳುತ್ತೇನೆ, ಉಪ್ಪುಖಾರ ಹಚ್ಚುವುದಿಲ್ಲ. ಹಚ್ಚಿದರೂ ನಿಮ್ಮ ನಾಲಗೆಗೆ ತಿಳಿಯದಷ್ಟು.

ನನ್ನ ಕೆಲಸ ಜೋಡಿ ಕೂಡಿಸುವುದು. ಮದುವೆ ದಲ್ಲಾಳಿಯಲ್ಲ, ವಿಮಾನ ಕಂಪನಿಯ ಡ್ಯೂಟಿ ರೂಮಿನ ಗುಮಾಸ್ತ. ನಮ್ಮ ವಿಮಾನ ಜನರನ್ನು ಹೊತ್ತು ಮೇಲೇಳಬೇಕಾದರೆ ಮುಂದೆ ಇಬ್ಬರು ಪೈಲಟ್‌ಗಳು ಇರಲೇಬೇಕು: ಎಡಗಡೆ ಕ್ಯಾಪ್ಟನ್, ಬಲಗಡೆ ಕೋಪೈಲಟ್. ಒಬ್ಬರು ಕಡಿಮೆಯಾದರೂ ವಿಮಾನ ನಿಂತ ಜಾಗದಿಂದ ಅಲುಗುವಂತಿಲ್ಲ. ಯಾರ ಪಕ್ಕ ಯಾರು ಎಂದು ಗೊತ್ತುಮಾಡುವವನು ನಾನು. ದಲ್ಲಾಳಿ ಮನೆತನ ನೋಡುತ್ತಾನೆ, ನಾನು ನಿದ್ದೆ ನೋಡುತ್ತೇನೆ. ಸಾಕಷ್ಟು ಮಲಗಿ ಎದ್ದವರು ಯಾರು, ಇನ್ನೂ ಮಲಗಬೇಕಾದವರು ಯಾರು, ಅಷ್ಟೇ. ನಾನು ಕೂಡಿಸಿದ ಜೋಡಿ ನೆಲಕ್ಕಿಳಿಯುವ ತನಕ ಬಾಳಿದರೆ ಸಾಕು.

ರೂಮು ರನ್‌ವೇಗೆ ಆತುಕೊಂಡಂತಿದೆ. ವಿಮಾನ ಏರುವಾಗಲೆಲ್ಲ ಕಿಟಕಿ ಗಾಜು ಹಲ್ಲು ಕಡಿಯುತ್ತದೆ. ಆಗ ನಾವು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಸದ್ದು ದೂರವಾದ ಮೇಲೆ ಅದೇ ಪದದಿಂದ ಮುಂದುವರಿಸುತ್ತೇವೆ. ಜಗಳವಾಡುವಾಗಲೂ ಅಷ್ಟೇ. ಮನೆಯಲ್ಲಿ ಮಿಕ್ಸಿ ತಿರುಗಿದರೂ ನಾನು ಬಾಯಿ ತೆರೆದುಕೊಂಡು ಕಾಯುತ್ತೇನೆಂದು ಹೆಂಡತಿ ನಗುತ್ತಾಳೆ.

ಕಾದ ಬಾಯಿಗೆ ಕೆಲಸ ಬೇಕಲ್ಲ, ಹಾಗೆ ಅಂಟಿಕೊಂಡದ್ದು ಮಿಮಿಕ್ರಿ. ರೂಮಿನ ಮುಖ್ಯಸ್ಥೆಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅಕ್ಕನ ಮೂಗಿನ ದನಿ ಬರುತ್ತದೆ, ಪೈಲಟ್‌ಗಳನ್ನು ಪರೀಕ್ಷಿಸುವ ಡಾಕ್ಟರ ಆಕಳಿಕೆ ಬರುತ್ತದೆ. ಆದರೆ ನನ್ನ ಹೆಸರು ನಿಂತಿದ್ದು ಗುಡುಗಪ್ಪನಿಂದ. ಅವರು ನಮ್ಮ ಎಲ್ಲರಿಗಿಂತ ಹಿರಿಯ ಕ್ಯಾಪ್ಟನ್ನು. ಪ್ರತಿ ಮಾತಿಗೂ ಮೊದಲು 'ಹ್ಞೂಂಹ್' ಎಂದು ಗಂಟಲು ಸರಿಮಾಡಿಕೊಳ್ಳುತ್ತಾರೆ, ಕೊನೆಗೆ 'ಅರ್ಥ ಆಯ್ತಾ?' ಎಂದು ಬೀಗ ಹಾಕುತ್ತಾರೆ. ನಡುವೆ ಬರುವುದು ಗುಡುಗು; ಅದಕ್ಕೇ ಅವರ ಬೆನ್ನ ಹಿಂದೆ ನಾವಿಟ್ಟ ಹೆಸರು ಗುಡುಗಪ್ಪ. ಅವರು ನಕ್ಕಿದ್ದನ್ನು ನಮ್ಮಲ್ಲಿ ಕಂಡವರಿರಲಿಲ್ಲ.

ಅವರ ಗಂಟಲಿಟ್ಟುಕೊಂಡು ನಾನು ಲವಂಗಳನ್ನು ಎರಡು ಸಲ ಕುಣಿಸಿದ್ದೆ. ಲವಂಗ ಎಂದರೆ ನಮ್ಮ ಕಿರಿಯ ಕೋಪೈಲಟ್ ಹುಡುಗಿ; ಆಳು ಸಣ್ಣದು, ಖಾರ ಜಾಸ್ತಿ. ಒಮ್ಮೆ, "ಹ್ಞೂಂಹ್. ನಾಳೆ ಪ್ರಯಾಣಿಕರಿಗೆ ಒಂದು ಹಾಡು ಹೇಳ್ಬೇಕು, ಕಲ್ತು ಬಾ. ಅರ್ಥ ಆಯ್ತಾ?" ಎಂದು ಫೋನು ಮಾಡಿದ್ದೆ. ಪಾಪ, ಕಲಿತೇ ಬಂದಿದ್ದಳು. ಇನ್ನೊಮ್ಮೆ ಗುಡುಗಪ್ಪನ ಹೆಸರಲ್ಲಿ ಮೆಸೇಜೂ ಕಳಿಸಿ ರಜೆಯ ದಿನ ಟೋಪಿ ಸಮೇತ ಓಡಿಬರುವಂತೆ ಮಾಡಿದ್ದೆ. ಆಗ ಅವಳು ಆ ಟೋಪಿಯಿಂದಲೇ ನನ್ನ ತಲೆಗೊಂದು ಕೊಟ್ಟು, "ಇನ್ನೊಂದ್ ಸಲ ನಿನ್ನ ಬಲೆಗೆ ಬಿದ್ರೆ ಕೇಳು!" ಎಂದಿದ್ದಳು.

ಗುಡುಗಪ್ಪನ ಕೊನೆಯ ಹಾರಾಟದ ದಿನ ಬಂತು. ಮಾರನೆಯ ದಿನ ಅವರ ವಯಸ್ಸು ಮಿತಿ ದಾಟುತ್ತಿತ್ತು. ಆಮೇಲೆ ಕಂಪನಿಯ ವಿಮಾನದಲ್ಲಿ ಅವರಿಗೆ ಎಡಗಡೆಯ ಸೀಟಿಲ್ಲ. ಗಂಡ ಓಡಿಸುವ ವಿಮಾನವನ್ನು ಒಮ್ಮೆಯೂ ಹತ್ತದ ಅವರ ಹೆಂಡತಿ ಅಂದು ಮೊದಲ ಸಾಲಿನ ಕಿಟಕಿ ಪಕ್ಕದ ಟಿಕೆಟ್ ಹಿಡಿದು ಬಂದಿದ್ದರು. 'ನೀನು ಹಿಂದೆ ಕೂತಿದ್ರೆ ನನಗೆ ಗಮನ ನಿಲ್ಲಲ್ಲ' ಎಂದು ಇಷ್ಟು ಕಾಲ ತಪ್ಪಿಸಿಕೊಂಡು ಬಂದಿದ್ದವರು ಗುಡುಗಪ್ಪನೇ.

ಹೊರಡುವ ಹೊತ್ತು ಹತ್ತಿರವಾದಾಗ ಬಲಗಡೆ ಕೂರಬೇಕಿದ್ದವನು ಕಿವಿ ಹಿಡಿದುಕೊಂಡು ಬಂದ. ಶೀತಕ್ಕೆ ಕಿವಿ ಕಟ್ಟಿತ್ತು. ಡಾಕ್ಟರು ಕಿವಿಯೊಳಗೆ ಇಣುಕಿ, ಆಕಳಿಸಿ, "ಇವನನ್ನ ಮೇಲಕ್ಕೆ ಕಳಿಸಬೇಡಿ" ಎಂದುಬಿಟ್ಟರು. ಉಳಿದವರು ಆಗಲೇ ಆಕಾಶದಲ್ಲಿದ್ದರು, ಇಲ್ಲವೇ ಹಿಂದಿನ ರಾತ್ರಿ ಹಾರಿ ಬಂದು ಮಲಗಿದ್ದರು. ಕರೆದರೆ ಬರಲು ಸಿದ್ಧವಾಗಿ ಮನೆಯಲ್ಲಿರಬೇಕಾದ ಪಾಳಿ ಲವಂಗಳದ್ದು. ಅವಳು ಬಾರದಿದ್ದರೆ ಸಂಜೆ ಬೇರೆ ಊರಿನಿಂದ ಬರುವ ಜೋಡಿ ಈ ವಿಮಾನ ಒಯ್ಯುತ್ತದೆ. ಗುಡುಗಪ್ಪ ಟ್ಯಾಕ್ಸಿಯಲ್ಲಿ ಮನೆಗೆ.

ಸುದ್ದಿ ಕೇಳಿ ಅವರ ಹೆಂಡತಿ ಡ್ಯೂಟಿ ರೂಮಿಗೇ ಬಂದರು.

"ಅಲ್ರೀ, ನಿಮಗೆ ಒಬ್ಬರಿಗೇ ಆಗಲ್ವಾ? ಇಷ್ಟು ವರ್ಷ 'ನಾನೇ ಓಡಿಸ್ದೆ, ನಾನೇ ಇಳಿಸ್ದೆ' ಅಂತಿದ್ರಿ?"

ಗುಡುಗಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಹ್ಞೂಂಹ್. ಓಡಿಸೋಕೆ ಒಬ್ಬ ಸಾಕು ಕಣೇ. ಆ ಒಬ್ಬ ತಪ್ಪಿದ್ರೆ ಹೇಳೋಕೆ ಇನ್ನೊಬ್ಬ ಬೇಕು. ಅರ್ಥ ಆಯ್ತಾ?"

"ಓ, ಮನೇಲಿ ಹಾಗಿದ್ರೆ ನಾನು ಕೋಪೈಲಟ್ಟು."

"ಮನೇಲಿ ನೀನೇ ಕ್ಯಾಪ್ಟನ್ನು, ಬಿಡು."

ನಾನು ಒಂದು ಫೋನಿನಲ್ಲಿ, ಅಕ್ಕ ಇನ್ನೊಂದರಲ್ಲಿ ಪ್ರಯಾಣಿಕರ ಕೌಂಟರಿನವರನ್ನು ಸಮಾಧಾನ ಮಾಡುತ್ತಿದ್ದೆವು. ಗುಡುಗಪ್ಪನಿಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ಸ್ಪೀಕರ್ ಫೋನಿನಿಂದ ತಾವೇ ಲವಂಗಳಿಗೆ ಹಚ್ಚಿದರು.

"ಹ್ಞೂಂಹ್. ಕ್ಯಾಪ್ಟನ್ ಮಾತಾಡ್ತಿರೋದು. ತಕ್ಷಣ ಹೊರಟು ಬಾ. ಅರ್ಥ ಆಯ್ತಾ?"

ಆ ಕಡೆಯಿಂದ ಅಷ್ಟೇ ಗತ್ತಿನಲ್ಲಿ ಉತ್ತರ ಬಂತು. "ಹ್ಞೂಂಹ್! ಬರಲ್ಲ! ಅರ್ಥ ಆಯ್ತಾ?"

ನನ್ನ ಕೈಯಿಂದ ಪೆನ್ನು ಜಾರಿತು.

"ಏನಮ್ಮಾ, ತಮಾಷೆನಾ?" ಕ್ಯಾಪ್ಟನ್ ಗುಡುಗಿದರು.

"ಆಹಾ, ಗುಡುಗು ಇವತ್ತು ಭರ್ಜರಿಯಾಗಿದೆ ಕಣೋ! ಆದ್ರೆ ಗುಡುಗಪ್ಪನ ಕೊನೇ ದಿನಾನೂ ಅವರ ಗಂಟಲು ಹಿಸುಕ್ತೀಯಲ್ಲ, ನಾಚ್ಕೆ ಆಗಲ್ವಾ? ಅವರ ಪಕ್ಕ ಕೂರೋ ಪುಣ್ಯ ಸಿಗ್ಲಿಲ್ಲ ಅಂತ ನಾನಿಲ್ಲಿ ಕೊರಗ್ತಿದ್ರೆ..."

ಅಷ್ಟರಲ್ಲಿ ಒಂದು ವಿಮಾನ ಏರಿತು. ಎಲ್ಲರೂ ಹಾಗೇ ನಿಂತೆವು. ಗಾಜು ಹಲ್ಲು ಕಡಿದು ಸುಮ್ಮನಾಯಿತು. ಲೈನೂ ಸುಮ್ಮನಾಗಿತ್ತು.

"ಗುಡುಗಪ್ಪ ಯಾರು?" ಎಂದರು ಕ್ಯಾಪ್ಟನ್.

ಅಕ್ಕ ಕಂಪ್ಯೂಟರ್ ಪರದೆಯಲ್ಲಿ ಮುಖ ಹುದುಗಿಸಿದಳು. ಡಾಕ್ಟರು ಆಕಳಿಕೆಯನ್ನು ಅರ್ಧಕ್ಕೇ ನುಂಗಿದರು. ನಾನು ಎಲ್ಲವನ್ನೂ ಹೇಳಿದೆ, ಹಾಡಿನಿಂದ ಟೋಪಿಯ ತನಕ.

ಅವರಿಗೆ ಬೈಯಲು ಹೊತ್ತಿರಲಿಲ್ಲ. ನಾನೇ ಫೋನು ಮಾಡಿದೆ. "ಲವಂಗಾ, ದೇವರಾಣೆ ನಾನು ಕಣೆ, ನನ್ನ ಸ್ವಂತ ದನಿ."

"ನಿನ್ನ ಸ್ವಂತ ದನಿ ಯಾವುದು ಅಂತ ನಿಂಗೇ ಗೊತ್ತಾ?"

ಅಕ್ಕ ಫೋನು ಕಿತ್ತುಕೊಂಡಳು. "ನೋಡಮ್ಮಾ, ನಾನು ಅಕ್ಕ, ನಿಜವಾಗ್ಲೂ..."

"ಮೂಗು ಸ್ವಲ್ಪ ಜಾಸ್ತಿ ಆಯ್ತು, ಕಡಿಮೆ ಮಾಡು" ಎಂದು ಲವಂಗ ಇಟ್ಟುಬಿಟ್ಟಳು. ಮೆಸೇಜು ಕಳಿಸಿದೆವು. ನಾಲಗೆ ಚಾಚಿದ ಮುಖವೊಂದು ಮರಳಿ ಬಂತು.

ಕ್ಯಾಪ್ಟನ್ನರ ಹೆಂಡತಿ ಕೈಚೀಲದಿಂದ ಟಿಕೆಟ್ ತೆಗೆದು ನೋಡಿ, ಮಡಚಿ, ಒಳಗಿಟ್ಟರು. "ಹೋಗ್ಲಿ ಬಿಡಿ. ಟ್ಯಾಕ್ಸೀಲಿ ನಾನು ಕಿಟಕಿ ಪಕ್ಕ ಕೂರ್ತೀನಿ" ಎಂದರು. ನಗುತ್ತಲೇ ಅಂದರು. ಅದಕ್ಕೇ ನನಗೆ ತಲೆಯೆತ್ತಲಾಗಲಿಲ್ಲ.

ಗುಡುಗಪ್ಪ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಿ, ನನ್ನ ಹಾಗೆ ಮಾಡಿ ತೋರ್ಸು."

"ಸಾರ್, ಬೇಡ ಸಾರ್..."

"ಮಾಡು ಅಂದ್ನಲ್ಲ."

ಮಾಡಿದೆ. ನಡುಗುವ ಗುಡುಗು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಹೆಂಡತಿಯ ಕಡೆ ತಿರುಗಿದರು. "ನಾನು ಹೀಗೆ ಮಾತಾಡ್ತೀನಾ?"

"ಇವನದ್ದು ಸ್ವಲ್ಪ ಮೆದು" ಎಂದರು ಆಕೆ.

"ಹ್ಞೂಂಹ್. ಇವನಿಗೆ ಎಷ್ಟು ದನಿ ಇದ್ರೂ ಬಾಯಿ ಒಂದೇ ತಾನೆ? ಒಂದೇ ಬಾಯಲ್ಲಿ ಇಬ್ಬರು ಗುಡುಗೋಕಾಗಲ್ಲ. ಫೋನ್ ಹಚ್ಚು. ಟೇಕಾಫ್‌ಗೆ ಮುಂಚೆ ಓದ್ತೀವಲ್ಲ, ಅದನ್ನೇ ಓದೋಣ. ಇಬ್ಬರೂ, ಒಟ್ಟಿಗೆ, ನನ್ನ ದನೀಲೇ."

ಕಾಕ್‌ಪಿಟ್ಟಿನಲ್ಲಿ ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವ ಪಾಠ ಅದು. ದಿನವಿಡೀ ಪೈಲಟ್‌ಗಳ ಬಾಯಲ್ಲಿ ಕೇಳಿ ಕೇಳಿ ನನಗೂ ಬಾಯಿಪಾಠ. ಲವಂಗ ಫೋನೆತ್ತಿ "ಮತ್ತೇನೋ..." ಎನ್ನುವಷ್ಟರಲ್ಲಿ ನಾವು ಶುರುಮಾಡಿದೆವು. 'ಹ್ಞೂಂಹ್' ಎರಡು ಗಂಟಲಲ್ಲಿ ಒಟ್ಟಿಗೆ ಹೊರಟಿತು. "ರೆಕ್ಕೆ ಫ್ಲ್ಯಾಪ್!" "ಬ್ರೇಕ್!" "ಇಂಧನ!" ಎಂದು ಇಬ್ಬರು ಗುಡುಗಪ್ಪಂದಿರು ಒಬ್ಬರ ಮೇಲೊಬ್ಬರು ಬಿದ್ದಂತೆ ಗುಡುಗಿದೆವು. ನಾನು ಒಂದು ಪದ ಹಿಂದೆ ಬಿದ್ದಾಗ ಅವರು ಮೊಣಕೈಯಿಂದ ತಿವಿದು ಸರಿಮಾಡಿದರು. ಕೊನೆಯ 'ಅರ್ಥ ಆಯ್ತಾ?' ಮಾತ್ರ ಕರಾರುವಾಕ್ಕಾಗಿ ಕೂಡಿಬಂತು.

ಆ ಕಡೆಯಿಂದ ಸಣ್ಣ ದನಿ: "ಅಯ್ಯಯ್ಯೋ... ಸಾರ್? ಅದರಲ್ಲಿ ಒಬ್ಬರು ನಿಜವಾಗ್ಲೂ ನೀವಾ?"

"ಯಾರು ಅಂತ ಬಂದು ನೋಡು."

ಬಂದಳು. ಜಡೆ ಅರ್ಧ ಹೆಣೆದಿತ್ತು, ಟೋಪಿ ಕಂಕುಳಲ್ಲಿತ್ತು, ನನ್ನ ಕಡೆ ಬೀರಿದ ನೋಟ ಮಾತ್ರ ಪೂರ್ತಿ ಸಿದ್ಧವಾಗಿತ್ತು. ಸ್ವಲ್ಪ ತಡವಾಗಿತ್ತು, ಆದರೂ ಹಾರುವ ಹೊತ್ತು ಮೀರಿರಲಿಲ್ಲ. ನಡೆದದ್ದನ್ನೆಲ್ಲ, ಮನೆ ಕ್ಯಾಪ್ಟನ್ ಮಾತಿನ ಸಮೇತ, ಅವಳು ಅಕ್ಕನಿಂದ ಕೇಳಿಕೊಂಡಳು.

ಹೊರಡುವ ಮುಂಚೆ ಕ್ಯಾಪ್ಟನ್ನರ ಸಹಿ ಹಾಕಿಸಿಕೊಳ್ಳಲು ನಾನು ವಿಮಾನದೊಳಗೆ ಹೋದೆ. ಅವರ ಹೆಂಡತಿ ಕಿಟಕಿಗೆ ಹಣೆ ತಾಗಿಸಿ ಕೂತಿದ್ದರು. ಅಷ್ಟರಲ್ಲಿ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು.

"ಹ್ಞೂಂಹ್. ನಾನು ನಿಮ್ಮ ಕ್ಯಾಪ್ಟನ್ ಗುಡುಗಪ್ಪ. ತಡ ಆಗಿದ್ದಕ್ಕೆ ಕ್ಷಮಿಸಿ, ಕೋಪೈಲಟ್ಟು ಜಡೆ ಹಾಕ್ಕೊಳ್ತಿದ್ಲು. ಮೊದಲನೇ ಸಾಲಿನ ಕಿಟಕಿ ಪಕ್ಕ ಕೂತಿರೋರು ನಮ್ಮ ಮನೆ ಕ್ಯಾಪ್ಟನ್ನು, ಅವರು ಹೇಳಿದ್ ಕಡೆಗೇ ವಿಮಾನ ಹೋಗೋದು. ಅರ್ಥ ಆಯ್ತಾ?"

ಆಕೆ ಬೆಚ್ಚಿ ನನ್ನ ಮುಖ ನೋಡಿದರು. "ಇವರು ಇಂಥದ್ದೆಲ್ಲ ಹೇಳೋರಲ್ಲ. ನೀನು ಇಲ್ಲೇ ಇದೀಯಾ. ಮತ್ತೆ ಅದು ಯಾರು?"

ಕಾಕ್‌ಪಿಟ್ ಬಾಗಿಲು ಇನ್ನೂ ತೆರೆದಿತ್ತು. ಬಲಗಡೆ ಲವಂಗ, ಗದ್ದವನ್ನು ಎದೆಗೊತ್ತಿ, ಮೈಕು ಹಿಡಿದು ಕೂತಿದ್ದಳು. ಎಡಗಡೆ ಗುಡುಗಪ್ಪ ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದರು. ಅಲ್ಲಿ ಯಾವ ವಿಮಾನವೂ ಏರುತ್ತಿರಲಿಲ್ಲ, ಆದರೂ ನಾವೆಲ್ಲ ಕಾದೆವು.

ಮೊದಲು ಅವರ ಟೋಪಿ ಅಲುಗಿತು, ಆಮೇಲೆ ಭುಜ. ಆಮೇಲೆ ನಗು ಹೊರಟಿತು. ಸಾಲುಸಾಲಾಗಿ ಜನ ನಕ್ಕರು, ಅವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು, ನಾನೂ ನಕ್ಕೆ. ಆದರೆ ಲವಂಗ ಮೈಕು ಆರಿಸಲು ಮರೆತಿದ್ದಳು. ಬಾಗಿಲು ಹಾಕುವ ಹೊತ್ತಾಯಿತೆಂದು ನಾನು ಮೆಟ್ಟಿಲಿಳಿಯುವಾಗಲೂ, ಎಲ್ಲರ ನಗುವನ್ನು ಮುಳುಗಿಸಿ ಧ್ವನಿವರ್ಧಕದಲ್ಲಿ ಕೇಳಿಬರುತ್ತಿದ್ದದ್ದು ಗುಡುಗಪ್ಪನ ನಗುವೊಂದೇ.