ಹನ್ನೆರಡು ಹಕ್ಕಿ ತಟ್ಟೆ

ಮುಳಬಾಗಿಲಿನ ಪಾತ್ರೆ ಅಂಗಡಿ ಮುಂದೆ ಕೂತು ಸೂಜಿ ಮಿಷನ್ನಿನಿಂದ ಸ್ಟೀಲ್ ಬಿಂದಿಗೆಗಳಿಗೆ ಹೆಸರು ಹಾಕುವ ಶಾಕಿರನನ್ನು ಕೋಲಾರದ ಟ್ರಸ್ಟೊಂದರ ಸಣ್ಣ ಮ್ಯೂಸಿಯಂಗೆ ಕರೆಸಿದ್ದರು. ಹನ್ನೆರಡು ತಟ್ಟೆಗೆ ನಂಬರು ಕೊರೆಯಬೇಕಂತೆ. ತಟ್ಟೆ ನೋಡಿದ್ದೇ ತಡ, ಅವನ ತಲೆ ಕೆಟ್ಟುಹೋಯಿತು. ಸ್ಟೀಲಲ್ಲ, ಹಿತ್ತಾಳೆಯಲ್ಲ, ಪಿಂಗಾಣಿ! ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಯಾರೋ ಪುಣ್ಯಾತ್ಮ ಕೂತು ಒಂದೊಂದಕ್ಕೂ ಒಂದೊಂದು ಹಕ್ಕಿ ಬರೆದಿದ್ದ. ಒಂದು ಗರಿಯಂತೆ ಇನ್ನೊಂದಿಲ್ಲ.

“ಸಾರ್, ಮಿಷನ್ ಇಟ್ರೆ ಒಡೆದೋಗುತ್ತೆ.”

“ಹಾಕೋದು ನಿನ್ನ ಕೆಲಸ ಕಣೋ, ಹೇಳೋದಲ್ಲ,” ಅಂದರು ಮೇಲ್ವಿಚಾರಕ ಚಂದ್ರಮೋಹನ್. “ನಾಳೆ ತಪಾಸಣೆಗೆ ಬರ್ತಾರೆ. ಅಳಿಸಿಹೋಗದ ನಂಬರು ಇರ್ಬೇಕು. ನಮ್ಮ ಮದುವೆಗೆ ಬಂದ ತಟ್ಟೆ ಮೇಲೆ ಕೊಟ್ಟೋರ ಹೆಸರು, ತಾರೀಕು ಇನ್ನೂ ಹಂಗೇ ಇದೆ.”

“ಅದು ಸ್ಟೀಲು ಸಾರ್!”

“ತಟ್ಟೆ ಅಂದ್ರೆ ತಟ್ಟೆ.”

ಗಾಜಿನ ಕಪಾಟು ಒರೆಸುತ್ತಿದ್ದ ಮುನಿಶಾಮಮ್ಮ ಬಟ್ಟೆ ಕೆಳಗಿಟ್ಟಳು. “ದೇವುಡಾ! ಏಳು ವರ್ಷದಿಂದ ನಾನು ಉಸಿರು ಬಿಗಿಹಿಡಿದು ಒರೆಸ್ತಿದೀನಿ. ಈಯಪ್ಪ ಸೂಜಿ ಚುಚ್ಚಿಸ್ತಾನಂತೆ.”

ಎದ್ದು ಹೋಗಿಬಿಡೋಣ ಅನ್ನಿಸಿತು ಶಾಕಿರನಿಗೆ. ಹೋದರೆ ಈತ ಇನ್ನೊಬ್ಬನನ್ನು ಕರೆಸುತ್ತಾನೆ, ಅವನು ಬಾಯಿಮುಚ್ಚಿಕೊಂಡು ಹನ್ನೆರಡನ್ನೂ ಒಡೆಯುತ್ತಾನೆ. ಸಿಟ್ಟು ನುಂಗಿ ಹೇಳಿದ: “ನಮ್ಮಮ್ಮಿ ಉಪ್ಪಿನಕಾಯಿ ಜಾಡೀನ ಪಕ್ಕದ ಮನೆಗೆ ಕೊಡೋ ಮುಂಚೆ ತಳದಲ್ಲಿ ಪೆನ್ನಿಂದ ಹೆಸರು ಬರೆದು, ಮೇಲೆ ನೇಲ್ ಪಾಲಿಶ್ ಬಳೀತಾಳೆ. ತಿಕ್ಕಿದ್ರೂ ಹೋಗಲ್ಲ. ಹಂಗೆ ಮಾಡೋಣ.”

“ಎಂಟನೇ ಕ್ಲಾಸಿಗೆ ಇಸ್ಕೂಲು ಬಿಟ್ಟೋನು ನನಗೆ ಮ್ಯೂಸಿಯಂ ಪಾಠ ಹೇಳ್ತೀಯಾ? ಕೊಡಿಲ್ಲಿ!”

ಚಂದ್ರಮೋಹನ್ ಮಿಷನ್ ಕಿತ್ತುಕೊಂಡು, ತಟ್ಟೆಯೊಂದನ್ನು ಬೋರಲು ಹಾಕಿ ಸೂಜಿ ಒತ್ತಿಯೇಬಿಟ್ಟರು. ಗುರ್ರ್ ಅಂತು. ಆಮೇಲೆ ಟಿಕ್. ಅಷ್ಟೇ. ನೀಲಿ ಹಕ್ಕಿಯ ತಲೆ ಒಂದು ಚೂರಿನಲ್ಲಿ, ಬಾಲ ಇನ್ನೊಂದರಲ್ಲಿ.

ಚಂದ್ರಮೋಹನ್ ಹಣೆಯ ಬೆವರು ಒರೆಸಿಕೊಂಡು ಅಂದರು: “ಎರಡು ಚೂರಿಗೂ ನಂಬರು ಹಾಕು. ಒಂದು ಎ, ಒಂದು ಬಿ.”

ಶಾಕಿರ್ ಪ್ಲಗ್ ಕಿತ್ತು ವೈರನ್ನು ಮಿಷನ್ನಿಗೆ ಸುತ್ತಿ ಚೀಲಕ್ಕೆ ತುರುಕಿದ. ಟಿಕೆಟ್ ಕೊಡುವ ದಿವ್ಯಳ ಬ್ಯಾಗಿನಿಂದ ಬಣ್ಣವಿಲ್ಲದ ನೇಲ್ ಪಾಲಿಶ್ ಮುನಿಶಾಮಮ್ಮ ಇಸಕೊಂಡು ಬಂದಳು. ಉಳಿದ ಹನ್ನೊಂದು ತಟ್ಟೆಯ ಬೆನ್ನಿಗೂ ಅವನು ಸಾಸಿವೆಯಷ್ಟು ಸಣ್ಣಗೆ ನಂಬರು ಬರೆದ, ಪಾಲಿಶ್ ಬಳಿದ. ಎರಡು ಚೂರನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ ಚಂದ್ರಮೋಹನ್ ಮೆಲ್ಲಗೆ ಕೇಳಿದರು:

“ರಿಜಿಸ್ಟರಲ್ಲಿ ನೇಲ್ ಪಾಲಿಶ್ ಅಂತ ಹೆಂಗಯ್ಯಾ ಬರೀಲಿ?”

ಶಾಕಿರ್ ಬಾಯಿ ಬಿಟ್ಟರೆ ಬೈಗುಳವೇ ಬರುತ್ತಿತ್ತು. ಬಗ್ಗಿ, ಹನ್ನೊಂದನೇ ತಟ್ಟೆ ಆರಲೆಂದು ಉಫ್ ಉಫ್ ಅಂತ ಊದತೊಡಗಿದ.